ಫುಟ್‌ಬಾಲ್ ಸಂಜೆಗೂ ಆಯವ್ಯಯದ ಅಂದಾಜು

2022ರ ಡಿಸೆಂಬರ್ 18ರ ಭಾನುವಾರ, ಅರ್ಜೆಂಟೀನಾ–ಫ್ರಾನ್ಸ್ ವಿಶ್ವಕಪ್ ಫೈನಲ್ ಪಂದ್ಯದ ನೇರ ಪ್ರಸಾರವನ್ನು ಬೆಂಗಳೂರಿನ ಬಾರೊಂದರಲ್ಲಿ ವೀಕ್ಷಿಸಲು, ನಾನು ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಕಾರ್ಖಾನೆಯ ಮಾಲೀಕರು ಸಿಬ್ಬಂದಿಯನ್ನು ಕರೆದೊಯ್ದರು. ಒಟ್ಟು 12 ಮಂದಿ. ರಾತ್ರಿ 8.30ಕ್ಕೆ ಆರಂಭವಾದ ಆಟ ಹೆಚ್ಚುವರಿ 30 ನಿಮಿಷಗಳ ನಂತರವೂ 3–3ರ ಸಮಬಲದಲ್ಲಿದ್ದು, ಪೆನಾಲ್ಟಿಯಲ್ಲಿ 4–2ರಿಂದ ಅರ್ಜೆಂಟೀನಾ ಗೆದ್ದಿತು. ಆಟ ಬೆಳೆದಂತೆ ಬಿಲ್ಲೂ ಬೆಳೆದು, ಮಾಲೀಕರು ಒಪ್ಪಿದ್ದ ಮೊತ್ತವನ್ನು ಮೀರಿತು. ಮಿಕ್ಕದ್ದನ್ನು ಸಮನಾಗಿ ಹಂಚಿದಾಗ, ಮದ್ಯ ಮುಟ್ಟದ ಕಿರಿಯ ಗುಮಾಸ್ತರೂ ಪಾಲು ತೆರಬೇಕಾಯಿತು.

ಆದ್ದರಿಂದ ಮಿತಿಯನ್ನು ಮೊದಲೇ ನಿಗದಿಪಡಿಸುವುದು ಲೇಸು. ತಲಾ 800 ರೂ.ನಂತೆ 12 ಮಂದಿಗೆ 9,600 ರೂ.; ಆಟ ಮುಂದುವರಿದರೆ ಬೇಕೆಂದು ಶೇ. 10 ಸೇರಿಸಿದರೆ 10,560 ರೂ. ಊಟದ ಬಿಲ್ಲು ಸಂಸ್ಥೆಯದು, ಮದ್ಯದ್ದು ಕುಡಿದವರದು ಎಂದು ಪ್ರತ್ಯೇಕಿಸುವುದು ನ್ಯಾಯ. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಸೇರದು. ಇಂತಹ ಊಟದ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಸೇವಾ ಶುಲ್ಕ ಕಡ್ಡಾಯವಲ್ಲ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚ ಆದಾಯ ತೆರಿಗೆಯಲ್ಲಿ ಮಾನ್ಯವಾಗದು; ಬ್ಯಾಂಕ್ ಮೂಲಕ ಪಾವತಿಸಿ, ಬಿಲ್ಲನ್ನು ಕಾಯ್ದಿರಿಸಿ.

ಆ ಮಾಲೀಕರು ಮರುದಿನವೇ ಗುಮಾಸ್ತರ ಪಾಲನ್ನು ಹಿಂದಿರುಗಿಸಿದರು. ಅಂದಿನಿಂದ ಕುಳಿತುಕೊಳ್ಳುವ ಮೊದಲೇ ಎರಡು ಬಿಲ್ಲು ಕೇಳುತ್ತಾರೆ.