ಕಾರು ಮಲಗಿದ ಮೇಲೆ ಅಳೆಯಿರಿ

ವಾರವಿಡೀ ನಿಂತಿದ್ದ ಕಾರಿನ ಕೀ ತಿರುಗಿಸಿದಾಗ ಬರೀ ಟಿಕ್ ಟಿಕ್ ಸದ್ದು ಬಂದು ಸೆಲ್ಫ್ ಎತ್ತದಿದ್ದರೆ ಹೆಚ್ಚಿನವರು ಹೊಸ ಬ್ಯಾಟರಿ ಹಾಕಿಸಿಬಿಡುತ್ತಾರೆ. ಅಂಗಡಿಯವರು ಟೆಸ್ಟರ್ ಹಿಡಿದು ‘ಬ್ಯಾಟರಿ ವೀಕ್ ಆಗಿದೆ’ ಎಂದದ್ದು ಸುಳ್ಳೂ ಅಲ್ಲ. ಆದರೆ ಆ ಬ್ಯಾಟರಿ ತಾನಾಗಿ ಸೊರಗಿತೋ, ಕಾರಿನೊಳಗಿನ ಯಾವುದೋ ಸೋರಿಕೆ ಅದನ್ನು ಸೊರಗಿಸಿತೋ ಎಂಬುದು ಆ ಟೆಸ್ಟರ್‌ಗೆ ಗೊತ್ತಾಗುವುದಿಲ್ಲ. ಸೋರಿಕೆ ಉಳಿದುಕೊಂಡರೆ ಹೊಸ ಬ್ಯಾಟರಿಯೂ ಕೆಲವೇ ವಾರಗಳಲ್ಲಿ ಅದೇ ಹಾದಿ ಹಿಡಿಯುತ್ತದೆ.

ಹೀಗೇಕೆ ಎಂಬುದಕ್ಕೆ ಬ್ಯಾಟರಿಯ ರಸಾಯನವೇ ಉತ್ತರ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಸೆಲ್ಲೇ ಇಂದಿನ ಕಾರಿನ ಬ್ಯಾಟರಿಯ ಪೂರ್ವಜ. ಒಂದೊಂದು ಸೆಲ್ಲಿಗೆ ಸುಮಾರು 2.1 ವೋಲ್ಟ್‌ನಂತೆ ಆರು ಸೆಲ್ ಸೇರಿ, ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ. 12ರಲ್ಲಿ ಉಳಿದಿರುವುದು ಕಾಲು ಭಾಗವಷ್ಟೇ. ವಿದ್ಯುತ್ ಹೊರಗೆ ಹರಿಯುವಾಗ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ, ಆಮೇಲೆ ಚಾರ್ಜರ್‌ಗೂ ಜಗ್ಗುವುದಿಲ್ಲ. ಸೋರಿಕೆಯಿಂದ ಶುರುವಾದ ತೊಂದರೆ ನಿಜವಾಗಿಯೂ ಹಾಳಾದ ಬ್ಯಾಟರಿಯಲ್ಲಿ ಮುಗಿಯುವುದು ಹೀಗೆ.

ಆಫ್ ಮಾಡಿ ಲಾಕ್ ಮಾಡಿದ ಕಾರೂ ಸ್ವಲ್ಪ ವಿದ್ಯುತ್ ತೆಗೆದುಕೊಳ್ಳುತ್ತಲೇ ಇರುತ್ತದೆ. ಗಡಿಯಾರ, ಅಲಾರ್ಮ್, ರಿಮೋಟ್ ಕೀಗೆ ಕಾಯುವ ರಿಸೀವರ್ ಎಲ್ಲ ಸೇರಿ 20ರಿಂದ 50 ಮಿಲಿ ಆಂಪ್ ಸಹಜ. 50 ಮಿಲಿ ಆಂಪ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಇದರಿಂದಲೇ ಎರಡು ವಾರದಲ್ಲಿ ಅರ್ಧವಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಯಾವ ದೋಷವೂ ಇಲ್ಲದ ಕಾರುಗಳು ನಿಂತಲ್ಲೇ ಡೌನ್ ಆದದ್ದು ಇದೇ ಕಾರಣಕ್ಕೆ. ಇನ್ನು, ಡಿಕ್ಕಿಯಲ್ಲಿ ಆರದೆ ಉಳಿದ 5 ವ್ಯಾಟ್‌ನ ಬಲ್ಬ್ ಒಂದೇ ದಿನಕ್ಕೆ 10 ಆಂಪಿಯರ್-ಅವರ್ ಎಳೆಯುತ್ತದೆ. ನಾಲ್ಕನೇ ದಿನಕ್ಕೆ ಅದೇ ಬ್ಯಾಟರಿ ಪೂರ್ತಿ ಖಾಲಿ.

ಮೊದಲು ಬ್ಯಾಟರಿಯನ್ನೂ ಕಾರನ್ನೂ ಬೇರೆ ಮಾಡಿ ನೋಡುವುದು ಒಳ್ಳೆಯದು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕೆಲವು ಗಂಟೆ ಬಿಟ್ಟು ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಮರುದಿನ ಮತ್ತೆ ನೋಡಿ. ಒಂಟಿಯಾಗಿದ್ದೂ ಗಣನೀಯವಾಗಿ ಇಳಿದಿದ್ದರೆ ತಪ್ಪು ಬ್ಯಾಟರಿಯದೇ. (ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಳ್ಳೆಯ ಬ್ಯಾಟರಿಯೂ ತಾನಾಗಿ ಸ್ವಲ್ಪ ಬೇಗ ಇಳಿಯುತ್ತದೆ, ಆದರೆ ಒಂದೇ ರಾತ್ರಿಯಲ್ಲಿ ಎದ್ದು ಕಾಣುವಷ್ಟಲ್ಲ.) ಇಳಿಯದಿದ್ದರೆ ಹುಡುಕಾಟ ಕಾರಿನೊಳಗೆ.

ಇಲ್ಲಿಂದಾಚೆಗೆ ಬೇಕಾದದ್ದು ತಾಳ್ಮೆ. ಲಾಕ್ ಒತ್ತಿದ ಕೂಡಲೇ ಕಾರು ಮಲಗುವುದಿಲ್ಲ. ಒಳಗಿನ ಹತ್ತಾರು ಕಂಪ್ಯೂಟರ್ ಮಾಡ್ಯೂಲ್‌ಗಳು ಒಂದೇ ಜಾಲದಲ್ಲಿ ಪರಸ್ಪರ ಮಾತಾಡುತ್ತಿರುತ್ತವೆ. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಎಂಬ ಏರ್ಪಾಡು ಅದು. ಒಂದೊಂದಾಗಿ ಅವು ಮೌನವಾಗಲು ಕೆಲವು ನಿಮಿಷದಿಂದ ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು. ಅಷ್ಟರೊಳಗೆ ಅಳೆದರೆ ಮೀಟರ್ ಆಂಪ್‌ಗಳಲ್ಲೇ ಲೆಕ್ಕ ತೋರಿಸುತ್ತದೆ, ಒಳ್ಳೆಯ ಕಾರೂ ಕೆಟ್ಟದ್ದೆಂದು ಅನಿಸುತ್ತದೆ. ಅವಸರದ ರೋಗನಿರ್ಣಯಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಹಾಗಾಗಿ ಬಾನೆಟ್ ತೆರೆದಿಟ್ಟು, ತೆರೆದ ಬಾಗಿಲಿನ ಲ್ಯಾಚ್ ಅನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಬಾಗಿಲು ಮುಚ್ಚಿದೆಯೆಂದು ಕಾರು ನಂಬುವಂತೆ ಮಾಡಿ, ಕೀಯನ್ನು ದೂರ ಒಯ್ದು ಕಾಯಬೇಕು. ಕೀಲೆಸ್ ಕಾರಿನ ಕೀ ಹತ್ತಿರವಿದ್ದರೆ ಕಾರು ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಡಿಸಿ ಮಿಲಿ ಆಂಪ್ ಓದಬಲ್ಲ ಕ್ಲ್ಯಾಂಪ್ ಮೀಟರ್ ಇದ್ದರೆ ವೈರ್ ಬಿಚ್ಚುವ ಅಗತ್ಯವಿಲ್ಲ. ಅದಿಲ್ಲದಿದ್ದರೆ ಮಲ್ಟಿಮೀಟರ್ ಅನ್ನು 10 ಆಂಪ್‌ನ ಸಾಕೆಟ್‌ಗೆ ಹಾಕಿ, ನೆಗೆಟಿವ್ ಟರ್ಮಿನಲ್ಲಿಗೂ ಅದರ ಕೇಬಲ್ಲಿಗೂ ನಡುವೆ ಸೇರಿಸಬೇಕು. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಲೇಬಾರದು: ಸೆಲ್ಫ್ ಮೋಟಾರ್ ನೂರಕ್ಕೂ ಮಿಕ್ಕ ಆಂಪ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಹಾರುತ್ತದೆ. ಕೇಬಲ್ ಬಿಚ್ಚುವುದರಲ್ಲಿ ಇನ್ನೊಂದು ತೊಡಕಿದೆ. ಮಲಗದೆ ಹಟ ಹಿಡಿದಿದ್ದ ಮಾಡ್ಯೂಲ್ ಬಿಚ್ಚಿದ್ದರಿಂದಲೇ ರೀಸೆಟ್ ಆಗಿ, ಆ ದಿನ ದೋಷವೇ ಕಾಣದೆ ಹೋಗಬಹುದು.

ಸೋರಿಕೆ ಹೆಚ್ಚಿದೆ ಎಂದು ಖಚಿತವಾದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ಪದ್ಧತಿ. ಹಳೆಯ ಕಾರುಗಳಿಗೆ ಅದು ಸರಿ. ಈಗಿನವುಗಳಲ್ಲಿ ಫ್ಯೂಸ್ ಕಿತ್ತು ಹಾಕಿದ ಕೂಡಲೇ ಮಲಗಿದ್ದ ಮಾಡ್ಯೂಲ್ ಎದ್ದು ಕೂರುತ್ತದೆ. ಅದಕ್ಕಿಂತ ಚೆಂದದ ದಾರಿಯೊಂದಿದೆ, ಅದರ ಸರಳತೆ ನನಗೆ ಬಹಳ ಇಷ್ಟ. ಫ್ಯೂಸ್ ಕೂಡ ಒಂದು ತಂತಿ. ಅದಕ್ಕೂ ಚೂರು ಪ್ರತಿರೋಧವಿದೆ. 10 ಆಂಪ್‌ನ ಫ್ಯೂಸ್‌ಗೆ ಸುಮಾರು 7–8 ಮಿಲಿ ಓಮ್. ಡಿಕ್ಕಿಯ ಆ ಬಲ್ಬ್‌ನ 0.4 ಆಂಪ್ ಅದರಲ್ಲಿ ಹರಿದರೆ ಎರಡು ತುದಿಗಳ ನಡುವೆ 3 ಮಿಲಿ ವೋಲ್ಟ್ ಕಾಣುತ್ತದೆ. ಫ್ಯೂಸಿನ ನೆತ್ತಿಯ ಮೇಲಿನ ಎರಡು ಲೋಹದ ಚುಕ್ಕಿಗಳು ಮೀಟರಿನ ಮೊನೆ ಮುಟ್ಟಿಸಲೆಂದೇ ಇರುವುದು. 0.1 ಮಿಲಿ ವೋಲ್ಟ್ ಗುರುತಿಸುವ ಮೀಟರ್ ಇದ್ದರೆ, ಏನನ್ನೂ ಕೀಳದೆ, ಯಾರನ್ನೂ ಎಬ್ಬಿಸದೆ ಫ್ಯೂಸ್ ಬಾಕ್ಸ್ ಪೂರ್ತಿ ನೋಡಿ ಮುಗಿಸಬಹುದು. ಸೊನ್ನೆಗಿಂತ ಎದ್ದು ಕಾಣುವಷ್ಟು ಹೆಚ್ಚು ತೋರಿಸುವ ಫ್ಯೂಸ್ ಯಾವುದೋ ಅದರ ಸಾಲಿನಲ್ಲೇ ಸೋರಿಕೆ.

ಎಲ್ಲ ಫ್ಯೂಸ್‌ಗಳೂ ಸುಮ್ಮನಿದ್ದೂ ಸೋರಿಕೆ ನಿಲ್ಲದಿದ್ದರೆ ಸಂಶಯ ಡೈನಮೋ ಕಡೆಗೆ ಹೋಗಬೇಕು. ಅದರೊಳಗಿನ ಡಯೋಡ್‌ಗಳ ಕೆಲಸ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದು. ಒಂದು ಕೆಟ್ಟರೆ ಬ್ಯಾಟರಿಯಿಂದ ದಪ್ಪ ಕೇಬಲ್ಲಿನ ಮೂಲಕವೇ ವಿದ್ಯುತ್ ಹಿಂದಕ್ಕೆ ಹರಿಯುತ್ತದೆ. ಆಮೇಲೆ ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಮ್ಯೂಸಿಕ್ ಸಿಸ್ಟಂ, ಟ್ರ್ಯಾಕರ್‌ಗಳು. ಕೀ ಆಫ್ ಆದಾಗ ಆರುವ ಸಾಲಿಗೆ ಕೊಡದೆ ನೇರ ಬ್ಯಾಟರಿಗೇ ವೈರ್ ಕೊಟ್ಟಿದ್ದರೆ ಅವು ರಾತ್ರಿಯಿಡೀ ಎಚ್ಚರ. ಕಾರಿಗೆ ಆಮೇಲೆ ಸೇರಿಸಿದ್ದೇನು ಎಂದು ಮಾಲೀಕರನ್ನು ಕೇಳುವುದರಿಂದಲೇ ಹುಡುಕಾಟ ಶುರುಮಾಡಿದರೆ ಅರ್ಧ ದಿನ ಉಳಿಯಬಹುದು.

ದೋಷ ಸಿಕ್ಕಿ ಸರಿಯಾದ ಮೇಲೆ ಕಾರು ಮಲಗುವವರೆಗೆ ಕಾದು ಇನ್ನೊಮ್ಮೆ ಅಳೆಯಬೇಕು. ಬ್ಯಾಟರಿಯನ್ನು ಚಾರ್ಜರ್‌ನಿಂದ ನಿಧಾನವಾಗಿ ತುಂಬಿಸುವುದೂ ಬಾಕಿ ಇರುತ್ತದೆ; ಪೂರ್ತಿ ಇಳಿದ ಬ್ಯಾಟರಿಯನ್ನು ಮನೆಯಿಂದ ಆಫೀಸಿನವರೆಗಿನ ಓಡಾಟದಲ್ಲೇ ತುಂಬಿಸುವುದು ಡೈನಮೋದಿಂದ ಆಗುವ ಕೆಲಸವಲ್ಲ.