ಕಿವಿ ಮುಚ್ಚದೆ ಹಾಡು ಕೇಳೋಣ ಬನ್ನಿ!

ಮಕ್ಕಳೇ, ಓದುವ ಮೊದಲು ಒಂದು ಸಣ್ಣ ಪ್ರಯೋಗ. ಅಡುಗೆಮನೆಯಲ್ಲಿ ಖಡಕ್ ರೊಟ್ಟಿ ಇದ್ದರೆ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು ಅಗಿಯಿರಿ. ಕರುಂ ಕುರುಂ ಸದ್ದು ಕಡಿಮೆಯಾಯಿತೇ? ಇಲ್ಲ, ಇನ್ನೂ ಜೋರಾಯಿತು! ಕಿವಿ ಮುಚ್ಚಿದ್ದರೂ ಅದು ಕೇಳಿದ್ದು ಹೇಗೆ? ನಿಮ್ಮ ದವಡೆ ಮತ್ತು ತಲೆಬುರುಡೆಯ ಎಲುಬುಗಳ ಮೂಲಕ. ಇದೇ ಗುಟ್ಟನ್ನು ಹಿಡಿದು ಮಾಡಿದ ಹೆಡ್‌ಫೋನ್ ಒಂದಿದೆ. ಅದರ ಹೆಸರು ‘ಬೋನ್ ಕಂಡಕ್ಷನ್’ ಹೆಡ್‌ಫೋನ್. ಸರಳವಾಗಿ ಹೇಳುವುದಾದರೆ, ಎಲುಬಿನ ಹೆಡ್‌ಫೋನ್.

ದಾರಿ ಎರಡು, ಮನೆ ಒಂದೇ

ಸದ್ದು ಸಾಮಾನ್ಯವಾಗಿ ಗಾಳಿಯಲ್ಲಿ ತೇಲಿ ಬಂದು ಕಿವಿಯ ತಮಟೆಗೆ ಬಡಿಯುತ್ತದೆ. ತಮಟೆಯ ಹಿಂದೆ ಮೂರು ಪುಟ್ಟ ಎಲುಬುಗಳಿವೆ. ಒಂದು ಸುತ್ತಿಗೆಯಂತೆ, ಒಂದು ಅಡಿಗಲ್ಲಿನಂತೆ, ಇನ್ನೊಂದು ಕುದುರೆಯ ರಿಕಾಪಿನಂತೆ. ಇವು ನಡುಗಿ, ಆ ನಡುಕವನ್ನು ಶಂಖದಂತೆ ಸುರುಳಿಯಾದ ‘ಕಾಕ್ಲಿಯ’ಕ್ಕೆ ಮುಟ್ಟಿಸುತ್ತವೆ. ಅಲ್ಲಿರುವ ಸೂಕ್ಷ್ಮ ಕೂದಲ ಕೋಶಗಳು ಅದನ್ನು ಮಿದುಳಿಗೆ ತಿಳಿಸುತ್ತವೆ. ಇದು ಗಾಳಿಯ ದಾರಿ. ಇನ್ನೊಂದು ಎಲುಬಿನ ದಾರಿ: ತಲೆಬುರುಡೆ ನಡುಗಿದರೆ ಆ ನಡುಕ ನೇರವಾಗಿ ಕಾಕ್ಲಿಯಕ್ಕೇ ಹೋಗುತ್ತದೆ. ದಾರಿ ಎರಡಾದರೂ ತಲುಪುವ ಮನೆ ಒಂದೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ ನಿಮ್ಮದೇ ದನಿ ‘ಇದು ನನ್ನದಲ್ಲ’ ಎನಿಸುವುದೂ ಇದರಿಂದಲೇ. ಮಾತಾಡುವಾಗ ನಿಮ್ಮ ದನಿ ನಿಮಗೆ ಎರಡೂ ದಾರಿಯಿಂದ ಕೇಳುತ್ತದೆ; ರೆಕಾರ್ಡಿನಲ್ಲಿ ಗಾಳಿಯ ದಾರಿಯಿಂದ ಮಾತ್ರ.

ನವಲಗುಂದದ ರಸ್ತೆಯಲ್ಲಿ

ನಾನು ನವಲಗುಂದದವನು. ಹೊತ್ತು ಮೂಡುವ ಮುಂಚೆ ಹೊಲದ ಕಡೆಗೆ ನಡೆದು ಹೋಗುವುದು ಹಳೆಯ ರೂಢಿ. ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದವನಿಗೆ ನಡೆಯುವಾಗ ಒಂದು ವಚನವೋ ದಾಸರ ಪದವೋ ಬೇಕು. ಆದರೆ ನಾನು ನಡೆಯುವುದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಅಂಚಿನಲ್ಲಿ. ಲಾರಿ, ಬಸ್ಸು, ಹತ್ತಿ ಹೇರಿದ ಟ್ರ್ಯಾಕ್ಟರು ಬೆನ್ನ ಹಿಂದಿನಿಂದಲೇ ಬರುತ್ತವೆ. ಕಿವಿಯೊಳಗೆ ಇಯರ್‌ಫೋನ್ ತುರುಕಿಕೊಂಡರೆ ಹಾರ್ನ್ ಕೇಳುವುದು ಹೇಗೆ? ಇದನ್ನು ನೋಡಿಯೇ ಮೊಮ್ಮಗ ಬೆಂಗಳೂರಿನಿಂದ ಎಲುಬಿನ ಹೆಡ್‌ಫೋನ್ ತಂದ.

“ಅಜ್ಜಾ, ಇದನ್ನ ಕಿವ್ಯಾಗ ಹಾಕೋದಲ್ಲ. ಕಿವಿ ಮುಂದ, ಗಲ್ಲದ ಎಲುಬಿನ ಮ್ಯಾಲೆ ಕೂಡಬೇಕು.”

“ಮತ್ತ ಕಿವಿಗೇನು ಕೆಲಸಪಾ?”

“ಕಿವಿ ರಸ್ತಾ ಕಾಯ್ತದ, ಎಲುಬು ಹಾಡು ಕೇಳ್ತದ!”

ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಈ ಸಾಧನದ ತೂಕ ಸುಮಾರು 30 ಗ್ರಾಂ. ಒಂದು ಪಟ್ಟಿ ಕುತ್ತಿಗೆಯ ಹಿಂದಿನಿಂದ ಬಂದು ಎರಡು ಕಿವಿಗಳ ಮುಂದೆ ಒಂದೊಂದು ಸಣ್ಣ ಗುಂಡಿಯನ್ನು ಒತ್ತಿ ಹಿಡಿಯುತ್ತದೆ. ಗುಂಡಿಯೊಳಗಿನ ಭಾಗ ವಿದ್ಯುತ್ತಿನಿಂದ ಅದುರಿ, ಆ ಅದುರು ಚರ್ಮದ ಮೂಲಕ ಎಲುಬಿಗೆ ಇಳಿಯುತ್ತದೆ. ಕಿವಿಯ ತೂತು ಪೂರ್ತಿ ತೆರೆದೇ ಇರುತ್ತದೆ. ಅದಕ್ಕೇ ಓಟಗಾರರು, ಸೈಕಲ್ ತುಳಿಯುವವರು ಇದನ್ನು ಮೆಚ್ಚುತ್ತಾರೆ. ನೀರು ಹೊಗದಂತೆ ಮಾಡಿದ್ದನ್ನು ಈಜುಗಾರರೂ ಬಳಸುತ್ತಾರೆ.

ಕೊರತೆಯೂ ಇದೆ. ತಬಲಾದ ಬಾಯಾಂನ ಗುಮುಕು, ಡೊಳ್ಳಿನ ದಡಬಡ ಇದರಲ್ಲಿ ತೆಳುವಾಗಿ ಕೇಳುತ್ತವೆ. ದನಿ ಏರಿಸಿದರೆ ಗಲ್ಲದ ಮೇಲೆ ಕಚಗುಳಿ ಇಟ್ಟಂತಾಗುತ್ತದೆ. ಮಾತು, ಕಥೆ, ವಾರ್ತೆಗೆ ಚೆನ್ನ. ಮನೆಯಲ್ಲಿ ಕುಳಿತು ಸಂಗೀತ ಸವಿಯಲು ಸಾಮಾನ್ಯ ಹೆಡ್‌ಫೋನೇ ಮೇಲು.

ಹಳೆಯ ಗುಟ್ಟು

ಹೆಡ್‌ಫೋನ್ ಹೊಸದಿರಬಹುದು, ಗುಟ್ಟು ಹಳೆಯದು. ಹಲ್ಲಿನಿಂದ ಕಚ್ಚಿ ಹಿಡಿದ ಕೋಲಿನ ಮೂಲಕವೂ ಸದ್ದು ಕೇಳಬಹುದೆಂದು 16ನೆಯ ಶತಮಾನದಲ್ಲೇ ಇಟಲಿಯ ಜಿರೊಲಾಮೊ ಕಾರ್ಡಾನೊ ಬರೆದಿದ್ದ. 1855ರಲ್ಲಿ ಜರ್ಮನಿಯ ವೈದ್ಯ ರಿನ್ನೆ ಒಂದು ಸರಳ ಪರೀಕ್ಷೆಯನ್ನು ವಿವರಿಸಿದ. ಟ್ಯೂನಿಂಗ್ ಫೋರ್ಕನ್ನು ಬಡಿದು ಮೊದಲು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯುವುದು, ಆಮೇಲೆ ಕಿವಿಯ ಮುಂದೆ ಹಿಡಿಯುವುದು. ಆರೋಗ್ಯವಂತ ಕಿವಿಗೆ ಎರಡನೆಯದೇ ಚೆನ್ನಾಗಿ ಕೇಳಬೇಕು. ಎಲುಬಿನಿಂದಲೇ ಹೆಚ್ಚು ಕೇಳಿದರೆ ಗಾಳಿಯ ದಾರಿಯಲ್ಲಿ ಏನೋ ಅಡ್ಡ ಬಂದಿದೆ ಎಂದು ಅರ್ಥ. ಇಂದಿಗೂ ಕಿವಿಯ ಡಾಕ್ಟರು ಈ ಪರೀಕ್ಷೆ ಮಾಡುತ್ತಾರೆ.

ನಮ್ಮ ಅಕ್ಕನ ವಿಷಯದಲ್ಲಿ ಇದು ಕಣ್ಣಾರೆ ಕಂಡ ಮಾತು. ಆಕೆಗೆ ಎಪ್ಪತ್ತು ದಾಟಿದೆ. ಒಂದು ವರ್ಷದಿಂದ ಕರೆದರೆ ಓಗೊಡುತ್ತಿರಲಿಲ್ಲ. “ವಯಸ್ಸಾತು, ಇನ್ನ ಕಿವಿ ಹೋದಂಗ” ಎಂದು ಆಕೆಯೇ ಸಮಾಧಾನ ಮಾಡಿಕೊಂಡಿದ್ದಳು. ಮದುವೆ-ಮುಂಜಿಗೆ ಹೋಗುವುದನ್ನೂ ಬಿಟ್ಟಿದ್ದಳು. ಒಂದು ದಿನ ಮೊಮ್ಮಗ ಆಟಕ್ಕೆಂದು ಈ ಹೆಡ್‌ಫೋನ್ ತೊಡಿಸಿದ. ಅಕ್ಕ ಬೆರಗಾಗಿ, “ಏ, ಭಜನಿ ಎಷ್ಟ್ ಸ್ವಚ್ಛ ಕೇಳಸ್ತದೋ!” ಎಂದಳು. ಮರುವಾರವೇ ಕಿವಿಯ ಡಾಕ್ಟರ ಬಳಿ ಕರೆದೊಯ್ದೆವು. ಎರಡೂ ಕಿವಿಗಳಲ್ಲಿ ಗುಗ್ಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಹನಿ ಹಾಕಿ ಮೆತ್ತಗೆ ಮಾಡಿ ತೆಗೆದರು. ಅಕ್ಕ ಈಗ ಪಡಸಾಲೆಯಲ್ಲಿ ಕುಳಿತೇ ಹಿತ್ತಲಿನ ಮಾತು ಕೇಳಿಸಿಕೊಳ್ಳುತ್ತಾಳೆ!

ಹಾಗೆಂದು ಎಲ್ಲರಿಗೂ ಹೀಗೇ ಆಗುವುದಿಲ್ಲ. ಹಿರಿಯರಲ್ಲಿ ಹೆಚ್ಚಾಗಿ ಸವೆಯುವುದು ಕಾಕ್ಲಿಯದ ಕೂದಲ ಕೋಶಗಳೇ. ಮನೆಯೇ ಸೊರಗಿದ್ದರೆ ಯಾವ ದಾರಿಯಿಂದ ಬಂದರೇನು? ಅವರಿಗೆ ತಪಾಸಣೆ ಮಾಡಿ ಕೊಡುವ ಶ್ರವಣ ಸಾಧನವೇ ಬೇಕು. ಎಲುಬಿನ ಹೆಡ್‌ಫೋನ್ ಅದಕ್ಕೆ ಬದಲಿಯಲ್ಲ. ಹುಟ್ಟಿನಿಂದಲೇ ಕಿವಿಯ ತೂತು ಮುಚ್ಚಿರುವ ಮಕ್ಕಳಿಗೆ ಮಾತ್ರ ಎಲುಬಿನ ದಾರಿ ದೊಡ್ಡ ವರ. ಅವರಿಗಾಗಿ ತಲೆಪಟ್ಟಿಯಲ್ಲಿ ತೊಡುವ ವಿಶೇಷ ಶ್ರವಣ ಸಾಧನಗಳಿವೆ. ಸಾಧನವನ್ನು ಟೈಟೇನಿಯಂ ತಿರುಪಿನಿಂದ ತಲೆಬುರುಡೆಗೇ ಕೂರಿಸುವ ಚಿಕಿತ್ಸೆಯನ್ನು 1977ರಲ್ಲಿ ಸ್ವೀಡನ್ನಿನಲ್ಲಿ ಮೊದಲು ಮಾಡಿದರು.

ಶ್ರವಣ ಪರೀಕ್ಷೆಗೆ ನಮ್ಮ ನಾಡಿನಲ್ಲೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದು 1965ರಲ್ಲಿ ಆರಂಭವಾದದ್ದು. ನಮ್ಮ ಕಡೆಯವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆ ಹತ್ತಿರ.

ಕೊಳ್ಳುವ ಮುನ್ನ, ತೊಡುವ ಮುನ್ನ

• ದನಿ ಮಿತವಾಗಿರಲಿ. ದಾರಿ ಬೇರೆಯಾದರೂ ಜೋರು ಸದ್ದಿನ ಪೆಟ್ಟು ಬೀಳುವುದು ಅದೇ ಕಾಕ್ಲಿಯಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್, ಮಕ್ಕಳಿಗೆ 75 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದು. ಲಾರಿಗಳ ಗದ್ದಲದಲ್ಲಿ ಹಾಡು ಕೇಳದಿದ್ದರೆ ದನಿ ಏರಿಸಬೇಡಿ, ಹಾಡು ನಿಲ್ಲಿಸಿ.

• ಕಿವಿ ತೆರೆದಿದ್ದರೂ ಮನಸ್ಸು ಹಾಡಿನಲ್ಲಿ ಮುಳುಗಿದ್ದರೆ ಹಾರ್ನ್ ಕೇಳಿಯೂ ಕೇಳದಂತಾಗುತ್ತದೆ. ರಸ್ತೆ ದಾಟುವಾಗ, ಸೈಕಲ್ ತಿರುಗಿಸುವಾಗ ಹಾಡು ಬಂದ್!

• ‘ಓಪನ್ ಇಯರ್’ ಎಂದು ಮಾರುವುದೆಲ್ಲ ಎಲುಬಿನ ಹೆಡ್‌ಫೋನ್ ಅಲ್ಲ. ಕೆಲವು ಕಿವಿಯ ಹತ್ತಿರ ಗಾಳಿಯಲ್ಲೇ ಸದ್ದು ಬಿಡುತ್ತವೆ. ಕೇಳಿ ಕೊಳ್ಳಿ.

• ಕಿವಿಗೆ ಕಡ್ಡಿ, ಪಿನ್ನು ಹಾಕಬೇಡಿ. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಮಕ್ಕಳೇ, ಕೊನೆಗೊಂದು ಕೆಲಸ. ನಿಮ್ಮ ಅಜ್ಜ-ಅಜ್ಜಿ “ಹಾಂ? ಏನಂದಿ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ನಗಬೇಡಿ, ವಯಸ್ಸಿನ ಮೇಲೆ ಹಾಕಿ ಸುಮ್ಮನೂ ಆಗಬೇಡಿ. ಅಪ್ಪ-ಅಮ್ಮನಿಗೆ ಹೇಳಿ ಕಿವಿ ತೋರಿಸಿಕೊಂಡು ಬನ್ನಿ. ಅವರಿಗೆ ಕೇಳಬೇಕಾಗಿರುವುದು ಹಾಡಿಗಿಂತ ಹೆಚ್ಚಾಗಿ ನಿಮ್ಮ ಮಾತು.