ಲಾಭದ ಪಾಲು ಮನೆಯಾಗಿ ಬಂದಾಗ

ಲಿವರ್‌ಪೂಲಿನ ಎದುರು ದಡದಲ್ಲಿ, ಮರ್ಸಿ ನದಿಯ ಆಚೆಗೆ, ಸೋಪಿನ ಹೆಸರನ್ನೇ ಹೊತ್ತ ಊರೊಂದಿದೆ: ಪೋರ್ಟ್ ಸನ್‌ಲೈಟ್. ಬೋಲ್ಟನ್ ಪಟ್ಟಣದ ದಿನಸಿ ವ್ಯಾಪಾರಿಯ ಮಗ ವಿಲಿಯಂ ಲಿವರ್ 1888ರಲ್ಲಿ ಅಲ್ಲಿ ಕಾರ್ಖಾನೆಗೂ ಕಾರ್ಮಿಕರ ಮನೆಗಳಿಗೂ ಒಟ್ಟಿಗೇ ಅಡಿಪಾಯ ಹಾಕಿಸಿದ. ಅಂಗಡಿಯವರು ಉದ್ದನೆಯ ಗಟ್ಟಿಯಿಂದ ಕತ್ತರಿಸಿ ತೂಗಿ ಕೊಡುತ್ತಿದ್ದ ಸೋಪನ್ನು ಕಾಗದ ಸುತ್ತಿ, ಹೆಸರು ಹಚ್ಚಿ, ಜಾಹೀರಾತು ಕೊಟ್ಟು ಮಾರಿದ್ದು ಅವನ ಜಾಣ್ಮೆ. ಹಾಗೆ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ ಹೆಚ್ಚಾಗಿ ಹುಡುಗಿಯರದು.

ಲಾಭವನ್ನು ನಗದಾಗಿ ಹಂಚಿದರೆ ಕಾರ್ಮಿಕರು ಅದನ್ನು ಕುಡಿತಕ್ಕೂ ತಿಂಡಿಗೂ ಕಳೆದುಬಿಡುತ್ತಾರೆ, ಅದರ ಬದಲು ಒಳ್ಳೆಯ ಮನೆ ಕಟ್ಟಿಕೊಡುತ್ತೇನೆ ಎಂಬುದು ಲಿವರ್‌ನ ವಾದ. ನನ್ನ ತಕರಾರು ಇಲ್ಲೇ. ಮನೆಗಳು ಚೆನ್ನಾಗಿದ್ದವು ನಿಜ. ಆದರೆ ದುಡಿದವರ ಹಣ ಹೇಗೆ ಖರ್ಚಾಗಬೇಕೆಂದು ನಿರ್ಧರಿಸಿದವನು ಧಣಿ. ಮನೆ ನೌಕರಿಗೆ ಅಂಟಿಕೊಂಡಿತ್ತು. ಕೆಲಸ ಹೋದರೆ ಸೂರಿಗೂ ಸಂಚಕಾರ. ಮನೆಮುಂದಿನ ಹೂದೋಟವನ್ನು ಕೂಡ ಕಂಪನಿಯೇ ನೋಡಿಕೊಳ್ಳುತ್ತಿತ್ತು. ಬೀದಿಯ ಅಂದ ಕೆಡಬಾರದಲ್ಲ! 1909ರಲ್ಲಿ ಬಂದ ಪಾಲುದಾರಿಕೆ ಯೋಜನೆಯಲ್ಲಿ ನೌಕರರಿಗೆ ಕೊಟ್ಟ ಪ್ರಮಾಣಪತ್ರಗಳಿಗೆ ಲಾಭಾಂಶವೇನೋ ಸಿಗುತ್ತಿತ್ತು, ಆದರೆ ದುರ್ನಡತೆ, ಕರ್ತವ್ಯಲೋಪದ ಹೆಸರಿನಲ್ಲಿ ಅವನ್ನು ರದ್ದು ಮಾಡಬಹುದಿತ್ತು. ಕಿತ್ತುಕೊಳ್ಳಬಹುದಾದ ಪಾಲನ್ನು ಹಕ್ಕು ಎನ್ನುವುದು ಹೇಗೆ?

ಲಿವರ್‌ಪೂಲಿನ ಕತ್ತಲೆಯ, ಥಂಡಿ ಹಿಡಿದ ವಠಾರಗಳಲ್ಲಿ ಮಕ್ಕಳು ಸಾಯುತ್ತಿದ್ದಾಗ ಬಚ್ಚಲುಮನೆ, ಗಾಳಿ, ಬೆಳಕು ಕೊಟ್ಟವನನ್ನು ದೂರಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿ ಬೆಳೆದ ಮಕ್ಕಳ ಆರೋಗ್ಯವನ್ನು ಯಾವ ವಾದವೂ ಹಗುರ ಮಾಡಲಾರದು. ಇನ್ನೊಂದು ಮಾತೂ ಇದೆ: ಮದ್ಯ ವಿರೋಧಿಯಾಗಿದ್ದ ಲಿವರ್, ಊರಿನ 'ಬ್ರಿಜ್ ಇನ್' ಎಂಬ ವಸತಿಗೃಹದಲ್ಲಿ ಮದ್ಯ ಮಾರಬೇಕೇ ಎಂಬುದನ್ನು ಜನರ ಮತಕ್ಕೇ ಬಿಟ್ಟ, ದೊಡ್ಡ ಬಹುಮತ ಬೇಕೆಂದಿತು, ಅವನು ಒಪ್ಪಿಕೊಂಡ. ಅದು ಅವನ ದೊಡ್ಡತನವೇ. ಆದರೂ ಮತ ಹಾಕಿಸಬೇಕೋ ಬೇಡವೋ ಎಂಬ ತೀರ್ಮಾನ ಅವನ ಕೈಯಲ್ಲೇ ಇತ್ತು. ಸ್ವತಂತ್ರ ಮನಸ್ಸಿನವನಿಗೆ ಆ ಊರಿನಲ್ಲಿ ಉಸಿರುಕಟ್ಟುತ್ತದೆ ಎಂದು ಕಾರ್ಮಿಕ ಸಂಘದ ಪದಾಧಿಕಾರಿಯೊಬ್ಬರು 1919ರಲ್ಲಿ ಅವನಿಗೇ ಪತ್ರ ಬರೆದದ್ದು ಸುಮ್ಮನೆ ಅಲ್ಲ.

ಈ ಊರಿನ ಲೆಕ್ಕಕ್ಕೆ ಸೇರದವರೂ ಇದ್ದರು. ಸೋಪಿಗೆ ಬೇಕಾದ ತಾಳೆ ಎಣ್ಣೆಗಾಗಿ ಲಿವರ್‌ನ ಕಂಪನಿ 1911ರಲ್ಲಿ ಬೆಲ್ಜಿಯನ್ ಕಾಂಗೋಕ್ಕೆ ಕಾಲಿಟ್ಟಿತು. ಅಲ್ಲಿ ಮರ ಹತ್ತಿ ತಾಳೆಗೊನೆ ಕೊಯ್ಯಲು ವಸಾಹತು ಆಡಳಿತದ ಬೆಂಬಲದೊಂದಿಗೆ ಜನರನ್ನು ಬಲವಂತವಾಗಿ ದುಡಿಸಲಾಯಿತು. ಅವರ ದುಡಿಮೆಯೂ ಅದೇ ಸೋಪಿನಲ್ಲಿತ್ತು. ಲಾಭ ಹಂಚುವ ಯೋಜನೆಯಲ್ಲಿ ಅವರಿರಲಿಲ್ಲ.